2007ರ ಲ್ಯಾಪ್‌ಟಾಪ್, ಡಿವಿಡಿ ಓದ್ತಿಲ್ಲ, ಬೇರೆ ಡ್ರೈವ್ ತಂದ್ರೆ ಕನೆಕ್ಟರೇ ಕೂರ್ತಿಲ್ಲ

ಸಾಲಗಾಮೆ ರೋಡ್ (ಹಾಸನ)

ಎಲ್ರಿಗೂ ನಮಸ್ಕಾರ. ವಿಷ್ಯ ಏನಂದ್ರೆ ನಾನು ಇಂಜಿನಿಯರಿಂಗ್ ಓದೋವಾಗ ಅಪ್ಪ ಕೊಡಿಸಿದ್ದ ಲ್ಯಾಪ್‌ಟಾಪ್ ಒಂದಿದೆ, 2007ರದ್ದು, ಕೋರ್ 2 ಡುಯೋ, 2 ಜಿಬಿ ರ‍್ಯಾಮ್, ಬ್ಯಾಟರಿ ಸತ್ತು ಯಾವ ಕಾಲ ಆಯ್ತೋ, ಚಾರ್ಜರ್ ಚುಚ್ಚಿದ್ರೆ ಮಾತ್ರ ಓಡುತ್ತೆ. ಅಕ್ಕನ ಮದ್ವೆ 2009ರಲ್ಲಿ ಆಯ್ತು, ಆಗ ಸ್ಟುಡಿಯೋದವ್ರು ಮೂರು ಡಿವಿಡಿ ಕೊಟ್ಟಿದ್ರು. ಈಗ ಅಕ್ಕನ ಮಗ ಅಪ್ಪ ಅಮ್ಮನ ಮದ್ವೆ ತೋರ್ಸು ಅಂತ ಕೂತಿದಾನೆ. ಡಿವಿಡಿ ಪ್ಲೇಯರ್ ಗುಜರಿಗೆ ಹೋಯ್ತು, ಭಾವನ ಹೊಸ ಲ್ಯಾಪ್‌ಟಾಪಲ್ಲಿ ಡ್ರೈವೇ ಇಲ್ಲ, ಉಳ್ದಿದ್ದು ನನ್ನ ಈ ಡಬ್ಬಾ ಒಂದೇ.

ಇದ್ರಲ್ಲಿರೋದು ಕಾಂಬೋ ಡ್ರೈವ್, ಸಿಡಿ ಬರೆಯುತ್ತೆ, ಡಿವಿಡಿ ಬರೀ ಓದುತ್ತೆ. ಸಿಡಿ ಹಾಕಿದ್ರೆ ಇವತ್ತಿಗೂ ಹಾಡು ಬರುತ್ತೆ. ಡಿವಿಡಿ ಹಾಕಿದ್ರೆ ಒಂದ್ಸಲ ಜೋರಾಗಿ ತಿರುಗುತ್ತೆ, ನಿಲ್ಲುತ್ತೆ, ಮತ್ತೆ ತಿರುಗುತ್ತೆ, ಆಮೇಲೆ ಡಿಸ್ಕ್ ಹಾಕಿ ಅನ್ನುತ್ತೆ. ಹಾಕಿರೋದೇ ಅದು!

ಸರಿ ಡ್ರೈವ್ ಹೋಗಿದೆ ಅಂತ ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಡಿವಿಡಿ ರೈಟರ್ 650 ರೂಪಾಯಿಗೆ ತರಿಸ್ದೆ. ನೋಡಿದ್ರೆ ಅಳತೆ ಎಲ್ಲಾ ಸರಿ, ಹಿಂದ್ಗಡೆ ಪಿನ್ನೇ ಬೇರೆ. ವಾಪಸ್ ತಗೊಳಲ್ಲವಂತೆ. ಏನ್ ಮಾಡ್ಲಿ? ಹೇಗೂ ಖರ್ಚು ಮಾಡ್ತಿದೀನಿ ಅಂದ್ರೆ ಬ್ಲೂ ರೇ ಹಾಕ್ಬಹುದಾ?

ಕೆಎ 13 ರೈಡರ್

ಗುರು ಆ ಲ್ಯಾಪ್‌ಟಾಪ್ ಅಜಾಯಬ್ ಘರ್‌ಗೆ ಕೊಡು 😀 ಹಳೇಬೀಡು ಮ್ಯೂಸಿಯಂ ಹತ್ರಾನೇ ಇದೆ

ಕಡೂರು ಕಾಯಿ

ಬಂದ್ಬಿಟ್ರು. ಹೊಸದು ತಗೋ ಅನ್ನೋರಿಗೆ ಒಂದು ಪ್ರಶ್ನೆ, ಹೊಸ ಲ್ಯಾಪ್‌ಟಾಪಲ್ಲಿ ಡಿವಿಡಿ ಎಲ್ಲಿ ತೂರಿಸ್ತೀರ? ಚಾರ್ಜಿಂಗ್ ತೂತಲ್ಲಾ?

ಸ್ಕ್ರೂ ಕಳ್ಕೊಂಡವ್ನು (ಚಿಕ್ಕಮಗಳೂರು)

ಸಾಲಗಾಮೆಯವ್ರೇ, ನೀವು ತರಿಸಿರೋದು ಸಾಟಾ ಡ್ರೈವ್, ನಿಮ್ಮ ಲ್ಯಾಪ್‌ಟಾಪಲ್ಲಿರೋದು ಐಡಿಇ, ಅಂದ್ರೆ ಪಾಟಾ. ಡ್ರೈವನ್ನ ಲ್ಯಾಪ್‌ಟಾಪ್ ಬೋರ್ಡಿಗೆ ಜೋಡಿಸೋ ಎರಡು ಬೇರೆ ಬಗೆ ಇವು, ಐಡಿಇ ಹಳೇದು, ಸಾಟಾ ಹೊಸದು. ನೋಡಿದ್ರೆ ಸಾಕು ಗೊತ್ತಾಗುತ್ತೆ. ಹಳೇದ್ರ ಹಿಂದೆ ಬಾಚಣಿಗೆ ಹಲ್ಲಿನ ತರ ಸಣ್ಣ ಸಣ್ಣ 50 ಪಿನ್ ಸಾಲಾಗಿರುತ್ತೆ. ಸಾಟಾದಲ್ಲಿ ಎರಡು ಚಿಕ್ಕ ಸೀಳು, ಒಂದ್ರಲ್ಲಿ ಡೇಟಾಗೆ 7 ಪಿನ್, ಇನ್ನೊಂದ್ರಲ್ಲಿ ಪವರ್‌ಗೆ 6. ಮಧ್ಯೆ ಅಡಾಪ್ಟರ್ ಹಾಕ್ತೀನಿ ಅಂದ್ರೆ ಆ ಗೂಡಲ್ಲಿ ಬೆರಳು ತೂರೋಷ್ಟೂ ಜಾಗ ಇರಲ್ಲ.

ಜನ ಮೋಸ ಹೋಗೋದು ಎಲ್ಲಿ ಅಂದ್ರೆ, 2006-07ರ ಲ್ಯಾಪ್‌ಟಾಪಲ್ಲಿ ಹಾರ್ಡ್ ಡಿಸ್ಕ್ ಸಾಟಾ ಇರುತ್ತೆ, ಅದನ್ನ ನೋಡಿ ಡಿವಿಡಿನೂ ಸಾಟಾ ಅಂದ್ಕೋತಾರೆ. ಆಗಿನ ಇಂಟೆಲ್ ಚಿಪ್‌ಸೆಟ್‌ನಲ್ಲಿ ಎರಡೂ ಇರ್ತಿತ್ತು, ಹಾರ್ಡ್ ಡಿಸ್ಕಿಗೆ ಸಾಟಾ, ಡಿವಿಡಿಗೆ ಅಂತ ಒಂದು ಐಡಿಇ ಲೈನು. 2008ರಲ್ಲಿ ಇಂಟೆಲ್‌ನ ಹೊಸ ಲ್ಯಾಪ್‌ಟಾಪ್ ಚಿಪ್‌ಗಳ ಸೆಟ್ಟು ಸೆಂಟ್ರಿನೋ 2 ಬಂತಲ್ಲ, ಆಗ ಆ ಐಡಿಇ ಲೈನ್ ತೆಗೆದ್ರು, ಅಲ್ಲಿಂದ ಮುಂದೆ ಡಿವಿಡಿನೂ ಸಾಟಾ. ನಿಮ್ಮದು ಆ ಗೆರೆಗಿಂತ ಹಿಂದಿನ ಕಾಲಕ್ಕೆ ಬಿತ್ತು ಅಷ್ಟೆ.

ದಪ್ಪನೂ ನೋಡ್ಕೊಳಿ. ಹಳೇ ಲ್ಯಾಪ್‌ಟಾಪ್ ಡ್ರೈವ್ ಸಾಮಾನ್ಯವಾಗಿ 12.7 ಮಿ.ಮೀ., ಆಮೇಲಿನ ತೆಳ್ಳಗಿನ ಮಾಡೆಲ್‌ಗಳದ್ದು 9.5.

ಬ್ಲೂ ರೇ ಬೇಡ. ಆ ಗ್ರಾಫಿಕ್ಸ್‌ಗೆ ಬ್ಲೂ ರೇ ವಿಡಿಯೋ ಬಿಚ್ಚೋ ತಾಕತ್ತಿಲ್ಲ, ಪ್ರೊಸೆಸರ್ ಮೇಲೆ ಹೊರೆ ಬಿದ್ದು ಪಿಕ್ಚರ್ ಕುಂಟುತ್ತೆ, ಫ್ಯಾನ್ ಮಾತ್ರ ರೈಸ್ ಮಿಲ್ ತರ ಕೂಗುತ್ತೆ. ನಿಮಗೆ ಬೇಕಿರೋದು ಮೂರು ಡಿವಿಡಿ ತಾನೆ.

ಸಾಲಗಾಮೆ ರೋಡ್

ಥ್ಯಾಂಕ್ಸ್ ಸಾರ್. ಒಂದು ಡೌಟು, ಸಿಡಿ ಓದುತ್ತೆ ಡಿವಿಡಿ ಓದಲ್ಲ ಅಂದ್ರೆ ಡ್ರೈವ್ ಅರ್ಧ ಸಾಯೋಕೆ ಆಗುತ್ತಾ? ಅಥವಾ ಡಿಸ್ಕೇ ಹೋಗಿದ್ಯಾ?

ಸ್ಕ್ರೂ ಕಳ್ಕೊಂಡವ್ನು

ಅರ್ಧ ಸಾಯುತ್ತೆ. ಸಿಡಿಗೆ 780 ನ್ಯಾನೋಮೀಟರ್ ಲೇಸರ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಡಿವಿಡಿಗೆ 650, ಕೆಂಪು. ಒಂದೇ ಲೆನ್ಸ್ ಹಿಂದೆ ಎರಡು ಬೇರೆ ಡಯೋಡ್. ಕೆಂಪಿನದು ಬಳಲಿದ್ರೆ ಸಿಡಿ ಓಡುತ್ತೆ ಡಿವಿಡಿ ಓಡಲ್ಲ. ಆದ್ರೆ ಲೆನ್ಸ್ ಮೇಲೆ ಧೂಳು ಕೂತ್ರೂ ಇದೇ ಲಕ್ಷಣ, ಯಾಕಂದ್ರೆ ಡಿವಿಡಿಯಲ್ಲಿ ಡೇಟಾ ಬರೆದಿರೋ ಗುಂಡಿ ಸಣ್ಣವು, ಸಾಲು ಒತ್ತೊತ್ತಾಗಿ ಇರುತ್ತೆ, ಸ್ವಲ್ಪ ಮಂಜಾದ್ರೂ ಮೊದ್ಲು ಸೋಲೋದು ಡಿವಿಡಿ. ಅದಕ್ಕೆ ದುಡ್ಡು ಹಾಕೋ ಮುಂಚೆ ಒರೆಸಿ ನೋಡಿ.

ಮೂಡಿಗೆರೆ ಮಳೆ

ಒರೆಸೋದು ಹೇಗೆ ಅಂತ ನಾನು ಹೇಳ್ತೀನಿ ಮಾರಾಯ್ರೆ, ನಮ್ಮ ಕಡೆ ಇದು ವರ್ಷಕ್ಕೊಂದ್ಸಲದ ಕೆಲ್ಸ. ಟ್ರೇ ಆಚೆ ಎಳೀರಿ. ಬಟನ್ ಒತ್ತಿದ್ರೆ ಬರ್ಲಿಲ್ಲ ಅಂದ್ರೆ ಲ್ಯಾಪ್‌ಟಾಪ್ ಆಫ್ ಮಾಡಿ ಮುಂದ್ಗಡೆ ಸಣ್ಣ ತೂತಿಗೆ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ತೂರಿಸಿ, ಸೂಜಿ ಬೇಡ, ಅದು ಅಡ್ಡಡ್ಡ ಹೋಗುತ್ತೆ. ಟ್ರೇ ಮೇಲೇ ಲೆನ್ಸ್ ಕಾಣುತ್ತೆ, ಉದ್ದಿನ ಕಾಳಿಗಿಂತ ಒಂಚೂರು ದೊಡ್ಡದು, ಮೇಲಿಂದ ನೋಡಿದ್ರೆ ನೀಲಿ ಹೊಳಪು. ಅದು ಕೂದಲೆಳೆಯಂಥ ತಂತಿ ಮೇಲೆ ತೇಲ್ತಾ ಇರುತ್ತೆ, ಮುಟ್ಟಿದ್ರೆ ಅಲ್ಲಾಡುತ್ತೆ, ಹೆದರ್ಬೇಡಿ, ಹಂಗಂತ ಒತ್ತಲೂ ಬೇಡಿ. ಕಿವಿಗೆ ಹಾಕೋ ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ, ಸುತ್ತಾ ಒಂದ್ಸಲ ಆಡಿಸಿ, ಒಣ ಕಡ್ಡೀಲಿ ಇನ್ನೊಂದ್ಸಲ. ಬಾಯಿಂದ ಊದ್ಬೇಡಿ, ಎಂಜಲು ಹಾರುತ್ತೆ.

ಡಿಸ್ಕ್ ಕೂಡ ನೋಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಪುಸ್ತಕ, ದೇವ್ರ ಫೋಟೋ ಯಾವುದನ್ನೂ ಬಿಡದೆ ಬೂಷ್ಟು ಹಿಡಿಯುತ್ತೆ, ಡಿವಿಡಿನೂ ಬಿಡಲ್ಲ. ಬಿಳಿ ಜೇಡನ ಬಲೆ ತರ ಗೆರೆ ಇದ್ರೆ ಅದೇ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಮೆತ್ತಗಿನ ಬಟ್ಟೆ. ಮಧ್ಯದಿಂದ ಅಂಚಿಗೆ ನೇರ ಒರೆಸಿ, ಗುಂಡಗೆ ತಿರುಗಿಸಿ ಒರೆಸ್ಬೇಡಿ. ಅಡ್ಡ ಗೀರು ಬಿದ್ರೆ ಎರರ್ ಕರೆಕ್ಷನ್ ದಾಟಿಕೊಳ್ಳುತ್ತೆ, ಸಾಲಿನ ಉದ್ದಕ್ಕೇ ಗೀರು ಬಿದ್ರೆ ದಾಟಕ್ಕೆ ಆಗಲ್ಲ.

ಸಾಲಗಾಮೆ ರೋಡ್

ಹಾಸನದಲ್ಲಿ ಅಷ್ಟು ಮಳೆ ಇಲ್ಲ ಸಾರ್, ಆದ್ರೆ ಡಿಸ್ಕ್ ಅಷ್ಟೂ ವರ್ಷ ಅಕ್ಕನ ಮನೇಲಿತ್ತು, ಸಕಲೇಶಪುರದಲ್ಲಿ 😐

ಮೂಡಿಗೆರೆ ಮಳೆ

ಓ, ಹಾಗಾದ್ರೆ ಮುಗೀತು. ತೊಳೀರಿ ಮೊದ್ಲು.

ಕೆಎ 13 ರೈಡರ್

ಇಷ್ಟೆಲ್ಲಾ ಮಾಡೋ ಬದ್ಲು ಡ್ರೈವ್ ಕಿತ್ತು ಆ ಜಾಗಕ್ಕೆ ಕ್ಯಾಡಿ ಅಂತ ಬರೋ ಚೌಕಟ್ಟು ಹಾಕಿ ಅದ್ರಲ್ಲಿ ಎಸ್‌ಎಸ್‌ಡಿ ಕೂರ್ಸಿ ಗುರು, ನಾನು ನಂದಕ್ಕೆ ಮಾಡ್ದೆ, ಲ್ಯಾಪ್‌ಟಾಪ್ ಹಾರುತ್ತೆ. ಡಿವಿಡಿ ಯಾರ್ ನೋಡ್ತಾರೆ ಈಗ

ಸ್ಕ್ರೂ ಕಳ್ಕೊಂಡವ್ನು

ರೈಡರ್, ನಿನ್ನ ಲ್ಯಾಪ್‌ಟಾಪ್ ಯಾವ ಇಸವಿ? 2011-12 ಇರ್ಬೇಕು, ಅದ್ರಲ್ಲಿ ಡಿವಿಡಿ ಜಾಗದ್ದು ಸಾಟಾ, ನೀನು ಮಾಡಿದ್ದು ಸರಿ. ಇವ್ರದ್ದು ಐಡಿಇ. ಐಡಿಇ ಕ್ಯಾಡಿನೂ ಸಿಗುತ್ತೆ, ಒಳಗೆ ಸಾಟಾನ ಐಡಿಇಗೆ ಬದಲಾಯಿಸೋ ಒಂದು ಬ್ರಿಡ್ಜ್ ಚಿಪ್ ಇರುತ್ತೆ, ಆದ್ರೆ ಆ ಲೈನಿನ ಮಿತಿ ಸೆಕೆಂಡಿಗೆ 100 ಎಂಬಿ, ನಿಜಕ್ಕೆ ಬರೋದು ಅದಕ್ಕಿಂತ ಕಮ್ಮಿ. ಎಸ್‌ಎಸ್‌ಡಿ ಹಾಕ್ಲೇಬೇಕು ಅಂದ್ರೆ ಹಾರ್ಡ್ ಡಿಸ್ಕ್ ಜಾಗಕ್ಕೇ ಹಾಕ್ಬೇಕು. ಅಲ್ಲೂ ಆ ಕಾಲದ ಸಾಟಾ ಬಹುತೇಕ 1.5 ಗಿಗಾಬಿಟ್ಟಿಂದೇ, ಆದ್ರೂ ಆನ್ ಆಗೋದು, ಫೋಲ್ಡರ್ ತೆಗೆಯೋದು ಎಲ್ಲಾ ಚುರುಕಾಗುತ್ತೆ.

ಮತ್ತೆ ಡಿವಿಡಿ ಯಾರ್ ನೋಡ್ತಾರೆ ಅಂದ್ಯಲ್ಲ, ಅವ್ರು ಕೇಳಿದ್ದೇ ಅದು.

ಕಡೂರು ಕಾಯಿ

ರೈಡರ್ ಮದ್ವೆ ಆದ್ಮೇಲೆ ಗೊತ್ತಾಗುತ್ತೆ ಬಿಡಿ, ಮದ್ವೆ ವಿಡಿಯೋ ಕಳೀತು ಅಂದ್ರೆ ಮನೇಲಿ ಊಟ ಸಿಗಲ್ಲ

ಸಾಲಗಾಮೆ ರೋಡ್

ಅಪ್ಡೇಟ್. ಡಿಸ್ಕ್ ತೊಳ್ದೆ. ನಿಜವಾಗ್ಲೂ ಬೂಷ್ಟು ಇತ್ತು, ಎರಡನೇದ್ರಲ್ಲಿ ಜಾಸ್ತಿ. ಲೆನ್ಸ್ ಒರೆಸ್ದೆ. ಈಗ ಮೊದಲನೇ ಡಿವಿಡಿ ಹೆಸ್ರು ತೋರಿಸ್ತಿದೆ, ಓಪನ್ ಮಾಡಿದ್ರೆ ಹ್ಯಾಂಗ್. ಮುಂಚೆ ಹೆಸ್ರೂ ಬರ್ತಿರ್ಲಿಲ್ಲ. ಇನ್ನೊಂದು ವಿಷ್ಯ ಡಿಸ್ಕ್ ಮೇಲೆ ಅಕ್ಕ ಭಾವನ ಫೋಟೋ ಇರೋ ದೊಡ್ಡ ಸ್ಟಿಕ್ಕರ್ ಅಂಟಿಸಿದಾರೆ, ಒಂದು ಕಡೆ ಉಬ್ಬಿದೆ, ಕಿತ್ತಾಕ್ಲಾ?

ಸ್ಕ್ರೂ ಕಳ್ಕೊಂಡವ್ನು

ಕೀಳ್ಬೇಡಿ!! ಸಿಡಿ ಆಗಿದ್ರೆ ಡೇಟಾ ಇರೋ ಪದರ ಲೇಬಲ್ ಕೆಳಗೇ ಇರುತ್ತೆ, ಸ್ಟಿಕ್ಕರ್ ಜೊತೆ ಹಾಡೂ ಕಿತ್ಕೊಂಡ್ ಬರುತ್ತೆ. ಡಿವಿಡಿ ಅಂದ್ರೆ 0.6 ಮಿ.ಮೀ.ನ ಎರಡು ತಟ್ಟೆ ಅಂಟಿಸಿರೋದು, ಡೇಟಾ ಮಧ್ಯದಲ್ಲಿ, ಸ್ವಲ್ಪ ಗಟ್ಟಿ, ಆದ್ರೂ ಎಳೆದ್ರೆ ತಟ್ಟೆ ಬಿಟ್ಕೊಳ್ಳುತ್ತೆ. ಉಬ್ಬಿರೋ ಜಾಗಾನ ಬೆರಳಲ್ಲಿ ಮೆತ್ತಗೆ ಒತ್ತಿ ಕೂರಿಸಿ ಸಾಕು. ಕಾಗದ ತೇವ ಎಳ್ಕೊಂಡು ಡಿಸ್ಕ್ ಒಂಚೂರು ಬಗ್ಗಿರುತ್ತೆ, ಜೋರಾಗಿ ತಿರುಗಿದಾಗ ಒದ್ದಾಡುತ್ತೆ, ಅದಕ್ಕೇ ನಿಧಾನಕ್ಕೆ ಓದಿಸ್ಬೇಕು.

ಹೆಸ್ರು ಕಾಣ್ತಿದೆ ಅಂದ್ರೆ ಡಿಸ್ಕಲ್ಲಿ ಜೀವ ಇದೆ. ಡ್ರೈವ್ ಸೋತಿದೆ. ಈಗ ಬೇರೆ ಡ್ರೈವ್ ನೋಡೋಣ.

ಮೊದಲ್ನೇದು, ನಿಮ್ಮ 650 ರೂಪಾಯಿ ಹಾಳಾಗಿಲ್ಲ. 12.7 ಮಿ.ಮೀ. ಸಾಟಾ ಡ್ರೈವಿಗೆ ಯುಎಸ್‌ಬಿ ಕೇಸ್ ಸಿಗುತ್ತೆ, ಅದ್ರೊಳಗೆ ಹಾಕಿದ್ರೆ ಅದೇ ಎಕ್ಸ್‌ಟರ್ನಲ್ ಡ್ರೈವ್. ಎರಡು ತಲೆ ಇರೋ ಕೇಬಲ್ ಇರೋದನ್ನೇ ತಗೊಳಿ. ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿಆಂಪ್, ಡ್ರೈವ್ ತಿರುಗೋಕೆ ಶುರು ಮಾಡೋವಾಗ ಅದಕ್ಕಿಂತ ಜಾಸ್ತಿ ಎಳೆಯುತ್ತೆ, ಹಳೇ ಲ್ಯಾಪ್‌ಟಾಪಲ್ಲಿ ಟಿಕ್ ಟಿಕ್ ಅಂದು ಬಿದ್ಕೊಳ್ಳುತ್ತೆ. ಸ್ಪೀಡ್ ಚಿಂತೆ ಬೇಡ, ಡಿವಿಡಿ 1 ಎಕ್ಸ್ ಅಂದ್ರೆ ಸೆಕೆಂಡಿಗೆ 1385 ಕೆಬಿ, 8 ಎಕ್ಸ್‌ನಲ್ಲೂ 11 ಎಂಬಿ ಆಸುಪಾಸು, ಯುಎಸ್‌ಬಿ 2ಗೆ ಅದು ಲೆಕ್ಕಕ್ಕಿಲ್ಲ.

ಎರಡ್ನೇದು, ಒಳಗಿನ ಡ್ರೈವೂ ಬೇಕು ಅಂದ್ರೆ ಆನ್‌ಲೈನಲ್ಲಿ ಹುಡುಕ್ಬೇಡಿ. ಹಳೇ ಲ್ಯಾಪ್‌ಟಾಪ್ ರಿಪೇರಿ ಮಾಡೋ ಅಂಗಡಿಗೆ ನಿಮ್ಮ ಡ್ರೈವ್ ಕೈಯಲ್ಲಿ ಹಿಡ್ಕೊಂಡು ಹೋಗಿ, ಅವ್ರ ಡಬ್ಬದಲ್ಲಿ ಸತ್ತ ಲ್ಯಾಪ್‌ಟಾಪ್‌ಗಳ ಡ್ರೈವ್ ಬಿದ್ದಿರುತ್ತೆ. ಹಿಂದೆ ಮುಂದೆ ಪಕ್ಕ ಪಕ್ಕ ಇಟ್ಟು ಹೋಲಿಸಿ. ಡಿವಿಡಿ ರೈಟರ್ರೇ ಕೇಳಿ.

ಮೂಡಿಗೆರೆ ಮಳೆ

ಐಡಿಇದು ತರೋವಾಗ ಮಾಸ್ಟರ್ ಸ್ಲೇವ್, ಅಂದ್ರೆ ಒಂದೇ ಲೈನಲ್ಲಿ ಯಾವ ಡ್ರೈವ್ ಮೊದಲ್ನೇದು ಯಾವುದು ಎರಡ್ನೇದು ಅನ್ನೋ ಗಲಾಟೆ ಇದೆಯಲ್ಲ ಸ್ಕ್ರೂ ಅವ್ರೆ. ನಂದು ಒಂದ್ಸಲ ಆನ್ ಮಾಡಿದ ಕೂಡ್ಲೆ ಐಡಿಇ ಎರರ್ ಅಂತ ಬಂದು ಎಫ್ 1 ಒತ್ತಿಸ್ಕೊಳ್ತಿತ್ತು. ಅರ್ಧ ದಿನ ಹೋಯ್ತು ಅದ್ರಲ್ಲಿ.

ಸ್ಕ್ರೂ ಕಳ್ಕೊಂಡವ್ನು

ಹೌದು, ಹೇಳೋದು ಮರ್ತೆ. ಡೆಸ್ಕ್‌ಟಾಪ್ ಡ್ರೈವಿನ ತರ ಅದನ್ನ ಆರಿಸೋಕೆ ಪಿನ್ನಿಗೆ ಹಾಕೋ ಸಣ್ಣ ಜಂಪರ್ ಇರಲ್ಲ ಇದ್ರಲ್ಲಿ. ಕೆಲವು 47ನೇ ಪಿನ್ ನೋಡಿ ತಾನು ಮಾಸ್ಟರಾ ಸ್ಲೇವಾ ಅಂತ ತಿಳ್ಕೊಳ್ಳುತ್ತೆ, ಕೆಲವಕ್ಕೆ ಕಂಪ್ನೀಲೇ ಡ್ರೈವ್ ಒಳಗಿನ ಸಾಫ್ಟ್‌ವೇರಲ್ಲಿ (ಫರ್ಮ್‌ವೇರ್) ಬರೆದು ಕಳಿಸಿರ್ತಾರೆ. ಪಿನ್ನಿಗೆ ಟೇಪ್ ಹಚ್ಚೋದು, ಕತ್ತರಿಸೋದು ಎಲ್ಲಾ ಮಾಡೋರಿದಾರೆ, ನಾನೂ ಮಾಡಿದೀನಿ, ಒಂದು ಡ್ರೈವ್ ಕೊಂದಿದೀನಿ. ಅಂಗಡೀಲೇ ಹಾಕಿ ಬಯಾಸಲ್ಲಿ, ಅಂದ್ರೆ ವಿಂಡೋಸ್‌ಗಿಂತ ಮುಂಚೆ ಬರೋ ಸೆಟ್ಟಿಂಗ್ ಸ್ಕ್ರೀನಲ್ಲಿ, ಡ್ರೈವ್ ಹೆಸ್ರು ಬರುತ್ತಾ ನೋಡ್ಕೊಂಡು ದುಡ್ಡು ಕೊಡಿ, ಬರ್ಲಿಲ್ಲ ಅಂದ್ರೆ ಇನ್ನೊಂದು ಹಾಕ್ಸಿ.

ಸಾಲಗಾಮೆ ರೋಡ್

ಶನಿವಾರ ಎನ್ ಆರ್ ಸರ್ಕಲ್ ಕಡೆ ಹೋಗಿದ್ದೆ. ಎರಡು ಅಂಗಡೀಲಿ ಐಡಿಇ ಅಂದ ತಕ್ಷಣ ನಕ್ಕು ಕಳಿಸಿದ್ರು. ಮೂರ್ನೇ ಅಂಗಡೀಲಿ ವಯಸ್ಸಾದೋರೊಬ್ರು, ಟೇಬಲ್ ಕೆಳಗಿಂದ ಬಿಸ್ಕೆಟ್ ರಟ್ಟಿನ ಡಬ್ಬ ಎಳೆದ್ರು, ತುಂಬಾ ಡ್ರೈವು, ಆರಿಸ್ಕೋ ಮಗಾ ಅಂದ್ರು. ಅದ್ರಲ್ಲಿ ಎರಡು ಐಡಿಇ ಡಿವಿಡಿ ರೈಟರ್ ಸಿಕ್ತು. ಮೊದಲ್ನೇದು ಹಾಕಿದ್ರೆ ಬಯಾಸಲ್ಲಿ ಬರ್ಲೇ ಇಲ್ಲ. ಎರಡ್ನೇದು ಬಂತು. 300 ಕೊಟ್ಟೆ.

ಬಿಚ್ಚೋದು ಇಷ್ಟು ಸುಲಭ ಅಂತ ಗೊತ್ತೇ ಇರ್ಲಿಲ್ಲ, ತಳದಲ್ಲಿ ಒಂದೇ ಸ್ಕ್ರೂ, ಪಕ್ಕದಲ್ಲಿ ಸಣ್ಣ ಡಿಸ್ಕ್ ಚಿತ್ರ, ಅದು ಬಿಚ್ಚಿದ್ರೆ ಡ್ರೈವ್ ಡ್ರಾಯರ್ ತರ ಜಾರ್ಕೊಂಡು ಆಚೆ ಬಂತು. ಕಷ್ಟ ಆಗಿದ್ದು ಡ್ರೈವಿನ ಮುಂಭಾಗದ ಪ್ಲಾಸ್ಟಿಕ್ ಪಟ್ಟಿ. ಹೊಸದ್ರ ಪಟ್ಟಿ ನೆಟ್ಟಗಿದೆ, ನಮ್ಮ ಲ್ಯಾಪ್‌ಟಾಪ್ ಅಂಚು ಬಾಗಿದೆ. ಟ್ರೇ ಅರ್ಧ ತೆಗೆದು ಒಳಗಿನ ಕ್ಲಿಪ್ ಉಗುರಲ್ಲಿ ಒತ್ತಿ ಹಳೇ ಪಟ್ಟಿ ತೆಗೆದು ಹೊಸದಕ್ಕೆ ಹಾಕಿದ್ವಿ, ಒಂದು ಕ್ಲಿಪ್ ಮುರೀತು, ಆ ಯಜಮಾನ್ರು ಫೆವಿಕ್ವಿಕ್ ತೆಗೆದ್ರು, ನಾನೇ ಬೇಡ ಅಂದೆ ಟ್ರೇನೇ ಅಂಟ್ಕೊಂಡ್ರೆ ಅಂತ. ಹಿಂದಿನ ತಗಡಿನ ಬ್ರಾಕೆಟ್ ಕೂಡ ಹಳೇದ್ರಿಂದ ಬಿಚ್ಚಿ ಹಾಕ್ಬೇಕು, ಇಲ್ದಿದ್ರೆ ಸ್ಕ್ರೂ ಹಿಡಿಯಲ್ಲ.

ಮೊದಲನೇ ಡಿವಿಡಿ ಓಡ್ತಿದೆ!! ಮೂರ್ನೇದೂ ಓಡ್ತಿದೆ. ಎರಡ್ನೇದು ಅರ್ಧಕ್ಕೆ ಬಂದು ನಿಲ್ಲುತ್ತೆ, ಕಾಪಿ ಹಾಕಿದ್ರೆ ಎರರ್. ಧಾರೆ ಇರೋದೇ ಅದ್ರಲ್ಲಿ.

ಕಡೂರು ಕಾಯಿ

ಯಾವಾಗ್ಲೂ ಹಂಗೇ, ನಾಂದಿ ಶಾಸ್ತ್ರ ಚೆನ್ನಾಗಿ ಬರುತ್ತೆ, ಧಾರೆ ಹೊತ್ತಿಗೆ ಕರೆಂಟ್ ಹೋಗುತ್ತೆ

ಸ್ಕ್ರೂ ಕಳ್ಕೊಂಡವ್ನು

ಭೇಷ್. ಈಗ ಪದೇ ಪದೇ ಪ್ಲೇ ಮಾಡ್ಬೇಡಿ, ಕಾಪಿ ಪೇಸ್ಟೂ ಬೇಡ. ವಿಂಡೋಸ್ ಒಂದು ಕೆಟ್ಟ ಜಾಗ ಸಿಕ್ಕಿದ್ರೆ ಅಲ್ಲೇ ಕೂತು ಆಮೇಲೆ ಇಡೀ ಫೈಲ್ ಬಿಟ್ಟಾಕುತ್ತೆ. ಪೆನ್ ಡ್ರೈವಿಂದ ಯಾವುದಾದ್ರೂ ಹಗುರ ಲಿನಕ್ಸ್ ಓಡಿಸಿ, ಡಿಡಿರೆಸ್ಕ್ಯೂ ಅಂತ ಒಂದು ಟೂಲ್ ಇದೆ. ಅದು ಮೊದ್ಲು ಚೆನ್ನಾಗಿರೋದನ್ನೆಲ್ಲಾ ಬಾಚ್ಕೊಳ್ಳುತ್ತೆ, ಕೆಟ್ಟ ಜಾಗ ಹಾರಿಸಿ ಮುಂದೆ ಹೋಗುತ್ತೆ, ಎಲ್ಲೆಲ್ಲಿ ಬಿಟ್ಟೆ ಅಂತ ಒಂದು ಮ್ಯಾಪ್ ಫೈಲಲ್ಲಿ ಬರ್ಕೊಳ್ಳುತ್ತೆ. ಬ್ಲಾಕ್ ಸೈಜ್ 2048 ಕೊಡಿ, ಡಿವಿಡಿ ಸೆಕ್ಟರ್ ಅಷ್ಟೇ. ಕೊನೆಗೆ ಒಂದು ಐಎಸ್‌ಒ ಫೈಲ್, ಅಂದ್ರೆ ಇಡೀ ಡಿಸ್ಕಿನ ನಕಲು, ಸಿಗುತ್ತೆ, ವಿಎಲ್‌ಸಿಯಲ್ಲಿ ಸೀದಾ ಓಡುತ್ತೆ.

ಇಲ್ಲಿ ನಿಮ್ಮ ತಪ್ಪು ಡ್ರೈವ್ ಕೆಲ್ಸಕ್ಕೆ ಬರೋದು. ಒಂದು ಡ್ರೈವಿಗೆ ಓದಕ್ಕೆ ಆಗದ ಸೆಕ್ಟರನ್ನ ಇನ್ನೊಂದು ಓದ್ಬಿಡುತ್ತೆ, ಲೆನ್ಸ್ ಬೇರೆ ಲೇಸರ್ ಬೇರೆ ಅಲ್ವಾ. ಅದೇ ಐಎಸ್‌ಒ, ಅದೇ ಮ್ಯಾಪ್ ಫೈಲ್ ಇಟ್ಕೊಂಡು ಡಿಸ್ಕ್ ಮಾತ್ರ ಯುಎಸ್‌ಬಿ ಕೇಸಿನ ಡ್ರೈವಿಗೆ ಹಾಕಿ ಮತ್ತೆ ಓಡಿಸಿ. ಬಿಟ್ಟಿರೋ ಜಾಗಕ್ಕೆ ಮಾತ್ರ ಹೋಗುತ್ತೆ.

ಸಾಲಗಾಮೆ ರೋಡ್

ಕೇಸ್ ಬರೋಕೆ ನಾಲ್ಕು ದಿನ ಆಯ್ತು, ಲೇಟಾಗಿದ್ದಕ್ಕೆ ಸಾರಿ. ಒಳಗಿನ ಡ್ರೈವಲ್ಲಿ ರಾತ್ರಿ ಪೂರ್ತಿ ಓಡಿಸಿದ್ದೆ, ಬೆಳಿಗ್ಗೆ ನೋಡಿದ್ರೆ 61 ಎಂಬಿ ಬಾಕಿ. ಲೆಕ್ಕ ಹಾಕ್ದೆ, ಸುಮಾರು ಒಂದೂವರೆ ನಿಮಿಷದ ವಿಡಿಯೋ. ಆಮೇಲೆ ಯುಎಸ್‌ಬಿಯಲ್ಲಿ ಹಾಕ್ದೆ. ಮೊದ್ಲು ಒಂದೇ ತಲೆ ಚುಚ್ಚಿದ್ದೆ, ನೀವು ಹೇಳ್ದಂಗೇ ಟಿಕ್ ಟಿಕ್ ಟಿಕ್. ಎರಡೂ ಚುಚ್ಚಿದ್ಮೇಲೆ ಶುರುವಾಯ್ತು, ಆ ಬಾಕಿ ಇರೋ ಅಂಕಿ ಇಳಿತಾ ಇರೋದು ನೋಡ್ತಾ ಕೂತಿದ್ದೆ, 61, 40, 22, ಊಟಕ್ಕೆ ಕರೆದ್ರೂ ಎದ್ದಿಲ್ಲ. ಕೊನೆಗೆ 300 ಕೆಬಿಗೆ ನಿಂತಿತು. ಅರ್ಧ ಸೆಕೆಂಡ್!

ಧಾರೆ ಪೂರ್ತಿ ಇದೆ. ಆ ಅರ್ಧ ಸೆಕೆಂಡ್ ಎಲ್ಲಿ ಅಂತ ಹುಡುಕ್ದೆ, ಊಟದ ಪಂಕ್ತೀಲಿ ಯಾರೋ ಮಾವ ಹೋಳಿಗೆ ಮೇಲೆ ಇನ್ನೊಂದು ಸ್ಪೂನ್ ತುಪ್ಪ ಹಾಕಿಸ್ಕೊಳೋವಾಗ ಮುಖ ಚೌಕ ಚೌಕ ಆಗುತ್ತೆ. ಮೊದಲನೇ ಡಿವಿಡಿ ಕಥೆ ಕೇಳ್ಬೇಡಿ, ಇಪ್ಪತ್ತು ನಿಮಿಷ ಅಕ್ಕ ಭಾವ ಹೃದಯದೊಳಗೆ ತಿರುಗ್ತಾರೆ, ಹಿಂದೆ ಸ್ವಿಟ್ಜರ್‌ಲ್ಯಾಂಡು. ಮದ್ವೆ ನೋಡ್ಬೇಕು ಅಂತ ಯಾರು ಹಠ ಮಾಡಿದ್ನೋ ಅವ್ನು ಹತ್ತು ನಿಮಿಷ ನೋಡಿ ಮೊಬೈಲ್ ಹಿಡ್ಕೊಂಡು ಎದ್ದು ಹೋದ. ಅಕ್ಕ ಮೂರೂ ಡಿಸ್ಕ್ ನೋಡಿದ್ಲು.

ಮೂಡಿಗೆರೆ ಮಳೆ

ಇಪ್ಪತ್ತು ನಿಮಿಷಕ್ಕೆ ಬಚಾವ್ ಆದ್ರಿ ಮಾರಾಯ್ರೆ. ನಮ್ಮ ಮದ್ವೇಲಿ ನಾನು ತಾವರೆ ಹೂವಿಂದ ಎದ್ದು ಬರ್ತೀನಿ.

ಕೆಎ 13 ರೈಡರ್

😂😂 ಸರಿ ಗುರು ಒಪ್ಕೊಂಡೆ. ಈಗ್ಲಾದ್ರೂ ಆ ಲ್ಯಾಪ್‌ಟಾಪ್ ಗುಜರಿಗೆ ಹಾಕ್ತೀರಾ?

ಆಲ್ದೂರು ಅಕ್ಕ

ಹಾಕ್ಬೇಡಿ ಹಾಕ್ಬೇಡಿ ಒಂದು ನಿಮಿಷ. ಇಷ್ಟು ದಿನ ಸುಮ್ನೆ ಓದ್ತಿದ್ದೆ. ನಿಮ್ಮ ಲ್ಯಾಪ್‌ಟಾಪ್ ಪಕ್ಕದಲ್ಲಿ ಯುಎಸ್‌ಬಿಗಿಂತ ಸಣ್ಣದು, ಚೌಕದ ತರ, 1394 ಅಂತ ಬರೆದಿರೋ ತೂತೇನಾದ್ರೂ ಇದ್ಯಾ ನೋಡಿ. ನಮ್ಮನೇಲಿ ಮಿನಿ ಡಿವಿ ಟೇಪ್ 11 ಇದೆ, ಮಕ್ಕಳು ಸಣ್ಣವ್ರಿದ್ದಾಗಿಂದು, ಕ್ಯಾಮೆರಾನೂ ಕೆಲ್ಸ ಮಾಡುತ್ತೆ, ಕೇಬಲ್ಲೂ ಇದೆ, ಚುಚ್ಚೋಕೆ ಲ್ಯಾಪ್‌ಟಾಪೇ ಸಿಕ್ತಿಲ್ಲ. ಈಗಿನ ಲ್ಯಾಪ್‌ಟಾಪಲ್ಲಿ ಆ ಪೋರ್ಟೇ ಇಲ್ಲ.

ಸಾಲಗಾಮೆ ರೋಡ್

ಇದೆ ಅಕ್ಕ!! ಬಲಗಡೆ, ಹೆಡ್‌ಫೋನ್ ಪಕ್ಕ. ಇಷ್ಟು ವರ್ಷ ಇದ್ಯಾವುದೋ ಕೆಟ್ಟೋಗಿರೋ ಯುಎಸ್‌ಬಿ ಅಂದ್ಕೊಂಡಿದ್ದೆ.

ಸ್ಕ್ರೂ ಕಳ್ಕೊಂಡವ್ನು

ಅದು ಫೈರ್‌ವೈರ್. ಅಕ್ಕ, ಟೇಪ್ ಓಡೋ ಹೊತ್ತೇ ಹಿಡಿಯುತ್ತೆ, ಒಂದು ಗಂಟೆ ಟೇಪಿಗೆ ಒಂದು ಗಂಟೆ, ಗಂಟೆಗೆ ಸುಮಾರು 13 ಜಿಬಿ. 11 ಟೇಪಿಗೆ 140 ಜಿಬಿ ದಾಟುತ್ತೆ, ಅವ್ರ ಹಾರ್ಡ್ ಡಿಸ್ಕಲ್ಲಿ ಜಾಗ ಇರಲ್ಲ, ನೀವೊಂದು ಎಕ್ಸ್‌ಟರ್ನಲ್ ತಗೊಂಡ್ ಹೋಗಿ. ಅದ್ರ ಫಾರ್ಮ್ಯಾಟ್ ಫ್ಯಾಟ್ 32 ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ, ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡ್ಕೊಳಿ.

ಆಲ್ದೂರು ಅಕ್ಕ

ಮಾಡ್ತೀನಿ. ಭಾನುವಾರ ಬೇಲೂರಿಗೆ ಬರ್ತೀರಾ? ನಿಮಗೂ ನಮಗೂ ಮಧ್ಯ ಆಗುತ್ತೆ, ಅಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ, ಎರಡು ಟೇಪ್ ಅಲ್ಲೇ ಹಾಕಿ ನೋಡೋಣ. ಸರಿ ಬಂದ್ರೆ ವಾರ ಲ್ಯಾಪ್‌ಟಾಪ್ ನನ್ನ ಹತ್ರ ಬಿಟ್ಟೋಗಿ, ತೋಟದ ಕಾಫಿ ಪುಡಿ ಒಂದು ಕೆಜಿ ಕೊಡ್ತೀನಿ, ಚಿಕೋರಿ ಹಾಕಿಲ್ಲ.

ಸಾಲಗಾಮೆ ರೋಡ್

ಬರ್ತೀನಿ ಅಕ್ಕ. ಹತ್ತು ಗಂಟೆಗೆ ಬೇಲೂರು ಬಸ್‌ಸ್ಟ್ಯಾಂಡಲ್ಲಿ ಇರ್ತೀನಿ.

ಕಡೂರು ಕಾಯಿ

ಚಾರ್ಜರ್ ಮರೀಬೇಡಪ್ಪ, ಬ್ಯಾಟರಿ ಸತ್ತಿದೆ ಅಂತ ನೀನೇ ಹೇಳಿದ್ದು